ಒಂದು ನಳ ಬಿಟ್ಟರೆ ಜೋರು, ಮೂರು ಬಿಟ್ಟರೆ ಯಾಕ ಸಣ್ಣ?



ನಮ್ಮ ಕಾಕಾ ಲಕ್ಷ್ಮೇಶ್ವರದಲ್ಲಿ ನಳದ ಕೆಲಸ ಮಾಡುತ್ತಾರೆ. ರಜೆ ಬಂತೆಂದರೆ ನಾನೂ ಅವರ ಬೆನ್ನು ಹತ್ತಿ ಹೋಗುತ್ತೇನೆ. ಪಾನಾ ಎತ್ತಿಕೊಡುವುದು, ಚಹಾ ತರುವುದು, ಇಷ್ಟೇ ನನ್ನ ಕೆಲಸ. ಈ ಸಲ ದಸರಾ ರಜೆಯಲ್ಲಿ ಕಾಕಾ ಒಂದು ತಪ್ಪು ಮಾಡಿದರು. ಅದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. "ಬರದು ಗ್ವಾಡಿಗೆ ಹಚ್ಚು, ನಾಕು ಮಂದಿ ಓದ್ಲಿ" ಎಂದು ಕಾಕಾ ಅವರೇ ಹೇಳಿದ್ದಾರೆ.

ಅದೊಂದು ಹೊಸ ಮನೆ. ಮಾಲಕರ ಮಗ ಎಲ್ಲೋ ದೊಡ್ಡ ಊರಿನ ಲಾಡ್ಜಿನಲ್ಲಿ ನೋಡಿ ಬಂದಿದ್ದನಂತೆ. ತಮ್ಮ ಬಚ್ಚಲಿನಲ್ಲೂ ಮೂರು ಶವರ್ ಬೇಕು ಎಂದ. ತಲೆಯ ಮೇಲೆ ಒಂದು, ಎಡಬಲಕ್ಕೆ ಒಂದೊಂದು. ಕಾಕಾ ಎಲ್ಲ ಮನೆಗೆ ಹಾಕುವಂತೆ ಇಲ್ಲಿಯೂ ಟ್ಯಾಂಕಿಯಿಂದ ಅರ್ಧ ಇಂಚಿನ ಪೈಪು ಎಳೆದರು. ಮೇಲೆ ಟೈಲ್ಸ್ ಕೂಡಿಸಿದ್ದೂ ಆಯಿತು. ಒಂದು ಶವರ್ ಬಿಟ್ಟು ನೋಡಿದರೆ ಮಳೆ ಬಂದಂಗ ನೀರು ಬಂತು. ಮೂರೂ ಬಿಟ್ಟರೆ ಎಡಬಲದಲ್ಲಿ ಸಣ್ಣಗೆ ಬಂತು, ತಲೆಯ ಮೇಲಿನದು ಬರೀ ತೊಟ್ಟಿಕ್ಕಿತು. ಮಾಲಕರು ಏನೂ ಅನ್ನಲಿಲ್ಲ, ಆದರೆ ಅವತ್ತು ಪಗಾರ ಕೊಡಲಿಲ್ಲ. ಕಾಕಾ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ನಾವು ಹತ್ತು ಲೀಟರಿನ ಬಕೆಟ್ ಮತ್ತು ಕೈಗಡಿಯಾರ ಹಿಡಿದು ಅಳತೆ ಮಾಡಿದೆವು. ಒಂದೇ ಶವರ್ ಬಿಟ್ಟಾಗ ನಿಮಿಷಕ್ಕೆ 9 ಲೀಟರ್. ಮೂರೂ ಬಿಟ್ಟಾಗ 27 ಬರಬೇಕಲ್ಲವೇ? ಮೂರೂ ಕೂಡಿ ಬಂದದ್ದು ಬರೀ 12 ಲೀಟರ್! ಉಳಿದ ನೀರು ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ಟ್ಯಾಂಕಿಯಲ್ಲೇ ಇದೆ. ಇಳಿದು ಬರಲು ಅದಕ್ಕೆ ದಾರಿ ಸಾಲಲಿಲ್ಲ.

ನೀರನ್ನು ದೂಡುವವರು ಯಾರು?

ಪಂಪು ಇಲ್ಲದ ಮನೆಯಲ್ಲಿ ನೀರನ್ನು ದೂಡುವುದು ಎತ್ತರ ಒಂದೇ. ಟ್ಯಾಂಕಿಯ ನೀರು ಶವರಿಗಿಂತ ಎಷ್ಟು ಮೇಲಿದೆಯೋ ಅಷ್ಟು ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಎಂದು ತಿಳಿಯಿರಿ. ಆ ಮನೆಯಲ್ಲಿ ತಲೆಯ ಮೇಲಿನ ಶವರಿಗೂ ಟ್ಯಾಂಕಿಯ ನೀರಿಗೂ ನಡುವೆ ಆರೇ ಅಡಿ. ಅಂದರೆ ಒಂದು ಕಿಲೋದ ಐದನೇ ಒಂದು ಪಾಲೂ ಇಲ್ಲ. ಪಕ್ಕದ ಶವರ್‌ಗಳು ಅದಕ್ಕಿಂತ ಮೂರು ಅಡಿ ಕೆಳಗಿದ್ದವು. ಅವಕ್ಕೆ ಒತ್ತಡ ಹೆಚ್ಚು, ಆದ್ದರಿಂದ ಅವೇ ಮೊದಲು ನೀರು ಎಳೆದುಕೊಂಡವು. ಮೇಲಿನದು ಉಪವಾಸ ಬಿತ್ತು.

ಇದ್ದಷ್ಟು ಒತ್ತಡದಲ್ಲಿಯೂ ಪೈಪು ತನ್ನ ಪಾಲು ತಿನ್ನುತ್ತದೆ. ನೀರು ಪೈಪಿನ ಗೋಡೆಗೆ ತಿಕ್ಕುತ್ತಾ ಹರಿಯುತ್ತದೆ. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಕಳಿಸಬೇಕೆಂದರೆ ಆ ತಿಕ್ಕಾಟಕ್ಕೆ ಹೋಗುವ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟು. ಜಾತ್ರೆಯ ಬಸ್ಸನ್ನು ನೆನಪಿಸಿಕೊಳ್ಳಿ. ಬಾಗಿಲು ಒಂದೇ, ಇಳಿಯುವವರು ನೂರು ಮಂದಿ. ಹಿಂದಿನಿಂದ ಎಷ್ಟು ದೂಡಿದರೂ ಬಾಗಿಲಲ್ಲೇ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ಎಲ್ಬೋ, ಟೀ, ವಾಲ್ವು ಇದ್ದಲ್ಲೆಲ್ಲ ಇನ್ನಷ್ಟು ತಡೆ.

ದಪ್ಪ ಪೈಪಿನ ಗುಟ್ಟು

ಚೌಕದ ಲೆಕ್ಕದ ಹಾಳೆಯ ಮೇಲೆ ಎರಡು ವೃತ್ತ ಬರೆಯಿರಿ. ಎರಡನೆಯದರ ವ್ಯಾಸ ಮೊದಲನೆಯದರ ಎರಡು ಪಟ್ಟು ಇರಲಿ. ಒಳಗಿನ ಚೌಕ ಎಣಿಸಿ. ಎರಡು ಪಟ್ಟಲ್ಲ, ನಾಲ್ಕು ಪಟ್ಟು! ನೀರಂತೂ ಅದಕ್ಕಿಂತಲೂ ಹೆಚ್ಚು, ಸುಮಾರು ಆರು ಪಟ್ಟು ಹರಿಯುತ್ತದೆ. ಯಾಕೆಂದರೆ ದಪ್ಪ ಪೈಪಿನ ನಡುವೆ ಹರಿಯುವ ನೀರಿಗೆ ಗೋಡೆಯ ತಡೆ ಕಡಿಮೆ.

ಪಂಪಿಲ್ಲದ ಮನೆಗೆ ಕಾಕಾ ಈಗ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ:

1) ಒಂದು ಶವರ್ ಇದ್ದರೆ ಅರ್ಧ ಇಂಚು ನಡೆಯುತ್ತದೆ.
2) ಎರಡು ಇದ್ದರೆ ಮುಕ್ಕಾಲು ಇಂಚು.
3) ಮೂರು ಇದ್ದರೆ ಟ್ಯಾಂಕಿಯಿಂದ ಬಚ್ಚಲಿನವರೆಗೆ ಒಂದು ಇಂಚು, ಗೋಡೆಯೊಳಗೆ ಮುಕ್ಕಾಲು, ಕೊನೆಗೆ ಒಂದೊಂದು ಶವರಿಗೂ ಅರ್ಧ ಇಂಚು.

ಮರದಂತೆಯೇ! ಬೊಡ್ಡೆ ದಪ್ಪ, ಟೊಂಗೆ ಸಣ್ಣ. ಗದಗ-ಬೆಟಗೇರಿಗೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಕಡೆಯಿಂದ ತುಂಗಭದ್ರೆಯ ನೀರು ಬರುವುದೂ ಹೀಗೆಯೇ. ಹೊಳೆಯ ಕಡೆ ಭಾರಿ ಪೈಪು, ಓಣಿಗೆ ಬಂದರೆ ಸಣ್ಣದು, ಮನೆಯ ನಳಕ್ಕೆ ಇನ್ನೂ ಸಣ್ಣದು.

"ಹಂಗಾದ್ರ ಎಲ್ಲಾಕೂ ಎರಡಿಂಚು ಹಾಕಿದ್ರ ಆತಲ್ಲ ಕಾಕಾ?" ಎಂದೆ. "ಹಂಗಲ್ಲೋ ತಮ್ಮಾ" ಎಂದು ನಕ್ಕರು. ದಪ್ಪ ಪೈಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ ಅಷ್ಟೇ. ಟ್ಯಾಂಕಿಯೇ ಕೆಳಗಿದ್ದರೆ ಎರಡಿಂಚು ಹಾಕಿದರೂ ನೀರು ಜೋರಾಗಿ ಬರದು. ಖರ್ಚೂ ಜಾಸ್ತಿ. ಮತ್ತೆ ಬಿಸಿನೀರಿನ ಪೈಪಿನಲ್ಲಿ ಆರಿದ ನೀರು ನಿಂತಿರುತ್ತದೆ, ಅದನ್ನು ದಿನಾ ಚೆಲ್ಲಬೇಕು. ಹತ್ತು ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ಎರಡು ಲೀಟರಿಗಿಂತ ಕಡಿಮೆ ನೀರು ಹಿಡಿಸಿದರೆ, ಒಂದು ಇಂಚಿನದರಲ್ಲಿ ಸುಮಾರು ಐದು ಲೀಟರ್.

ಕಾಕಾ ಟೈಲ್ಸ್ ಒಡೆಸಿ, ತಮ್ಮ ಕೈಯಿಂದ ರೊಕ್ಕ ಹಾಕಿ ಪೈಪು ಬದಲಿಸಿದರು. "ತಪ್ಪು ನಂದ ಐತ್ರಿ" ಎಂದು ಮಾಲಕರಿಗೆ ನನ್ನ ಮುಂದೆಯೇ ಹೇಳಿದರು. ಮತ್ತೆ ಅಳತೆ ಮಾಡಿದಾಗ ಮೂರೂ ಕೂಡಿ ನಿಮಿಷಕ್ಕೆ 25 ಲೀಟರ್ ಬಂತು. ಮಾಲಕರು ಖುಷಿಯಾಗಿ ಪೂರ್ತಿ ಪಗಾರ ಕೊಟ್ಟರು.

ಆದರೆ ನನಗೆ ಒಂದು ಲೆಕ್ಕ ತಲೆಯಲ್ಲಿ ಕೂತಿತು. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದ್ದಾರೆ. ಆ ಮೂರು ಶವರ್ ಅದನ್ನು ಎರಡು ನಿಮಿಷ ಹನ್ನೆರಡು ಸೆಕೆಂಡಿನಲ್ಲಿ ಮುಗಿಸುತ್ತವೆ! ಹತ್ತು ನಿಮಿಷ ಜಳಕ ಮಾಡಿದರೆ 250 ಲೀಟರ್. ನಮ್ಮವ್ವ ಕೊಡುವ ಒಂದು ಬಕೆಟ್‌ಗೆ 18 ಲೀಟರ್ ಹಿಡಿದರೂ ಅದು ಹದಿನಾಲ್ಕು ಮಂದಿಯ ಜಳಕ. ನಳಕ್ಕೆ ನೀರು ಯಾವಾಗ ಬರುತ್ತದೋ ಎಂದು ಕೊಡ ಸಾಲಿಗಿಟ್ಟು ಕಾಯುವ ನಾವು ಇದನ್ನೂ ಯೋಚಿಸಬೇಕು. ಪೈಪು ದಪ್ಪ ಮಾಡುವ ಮೊದಲು ಮೂರು ಶವರ್ ಬೇಕೇ ಎಂದು ಕೇಳಬೇಕು.

ನಮ್ಮ ಶಾಲೆಯ ಆರು ನಳ

ರಜೆ ಮುಗಿಸಿ ಬಂದಾಗ ಬಿಸಿಯೂಟದ ಹೊತ್ತಿಗೆ ನಮ್ಮ ಕೈತೊಳೆಯುವ ನಳಗಳನ್ನು ನೋಡಿದೆ. ಆರು ನಳ ಸಾಲಾಗಿ ಒಂದೇ ಅರ್ಧ ಇಂಚಿನ ಪೈಪಿನ ಮೇಲಿವೆ. ದೊಡ್ಡವರಾದ ನಾವು ಓಡಿ ಹೋಗಿ ಮೊದಲಿನವನ್ನು ಹಿಡಿಯುತ್ತೇವೆ. ಒಂದನೇ ಎರಡನೇ ತರಗತಿಯ ಸಣ್ಣವರು ಕಡೆಯ ನಳದ ಮುಂದೆ ನಿಂತಿರುತ್ತಾರೆ. ಆರೂ ಬಿಟ್ಟು ಒಂದು ಲೀಟರಿನ ತಂಬಿಗೆಯಿಂದ ಅಳೆದೆ. ಮೊದಲನೇ ನಳದಲ್ಲಿ 8 ಸೆಕೆಂಡಿಗೆ ತುಂಬಿತು, ಆರನೆಯದರಲ್ಲಿ 40 ಸೆಕೆಂಡು. ಅದಕ್ಕೇ ಎಷ್ಟೋ ಸಣ್ಣವರು ಕೈಯನ್ನು ಅಂಗಿಗೆ ಒರೆಸಿಕೊಂಡು ಊಟಕ್ಕೆ ಕೂಡುತ್ತಾರೆ. ಅದು ಅವರ ತಪ್ಪಲ್ಲ.

ಇದನ್ನು ಗುರುಗಳಿಗೆ ತೋರಿಸಿದೆ. ಒಂದು ಇಂಚಿನ ಪೈಪು ಹಾಕಿಸುವ ವಿಷಯವನ್ನು ಮುಂದಿನ ಸಭೆಯಲ್ಲಿ ಮಾತಾಡುತ್ತೇನೆ ಎಂದಿದ್ದಾರೆ. ಕಾಕಾ ಕೂಲಿ ಇಲ್ಲದೆ ಬಂದು ಹಾಕಿಕೊಡಲು ಒಪ್ಪಿದ್ದಾರೆ. ಅಲ್ಲಿಯತನಕ ಖರ್ಚಿಲ್ಲದ ಉಪಾಯ ಒಂದಿದೆ. ಮೊದಲಿನ ಎರಡು ನಳ ಸಣ್ಣವರಿಗೆ ಬಿಡೋಣ. ಅವರು ತೊಳೆದುಕೊಳ್ಳುವಾಗ ಉಳಿದ ನಾಲ್ಕನ್ನು ಬಂದ್ ಇಡೋಣ. ಐದು ನಿಮಿಷ ತಡವಾಗಿ ಉಂಡರೆ ನಮಗೇನೂ ಆಗುವುದಿಲ್ಲ.

ಮಾಡಿ ನೋಡಿ: ನಿಮ್ಮ ಮನೆಯ ಒಂದು ನಳದ ಕೆಳಗೆ ಬಕೆಟ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಬರೆದುಕೊಳ್ಳಿ. ಆಮೇಲೆ ಇನ್ನೊಂದು ನಳವನ್ನೂ ಬಿಟ್ಟು ಮತ್ತೆ ಅಳೆಯಿರಿ. ಬಂದ ಲೆಕ್ಕವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಿಂದ ಬರೆಯಿರಿ. ಅಳೆದ ನೀರನ್ನು ಚೆಲ್ಲಬೇಡಿ, ಗಿಡಕ್ಕೆ ಹಾಕಿ!

ಇಂತಿ ನಿಮ್ಮ ಗೆಳೆಯ,
8ನೇ ತರಗತಿ