ಸರಪಳಿಯೋ, ಹಲ್ಲುಚಕ್ರವೋ?

ಚಂದ್ರಾ ಲೇಔಟ್‌ನಿಂದ ಮೈಸೂರು ರಸ್ತೆಗೆ ಇಳಿದರೆ ಸಾಲುಸಾಲು ವಾಹನಗಳು. ನೂರು ಸಿಸಿಯ ಬೈಕು, ಬಿಡದಿಯ ಇನೋವಾ ಕ್ರಿಸ್ಟಾ, ಹೊಸಕೋಟೆಯ ವೋಲ್ವೊ ಬಸ್ಸು. ಗಾತ್ರದಲ್ಲಿ ಅಜಗಜಾಂತರವಿದ್ದರೂ ಇವುಗಳ ಎಂಜಿನ್ನುಗಳು ಪಾಲಿಸಬೇಕಾದ ನಿಯಮ ಒಂದೇ: ತಳದ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ನೆತ್ತಿಯ ಕ್ಯಾಮ್ ದಂಡ ಸರಿಯಾಗಿ ಒಂದು ಸುತ್ತು ತಿರುಗಬೇಕು.

ಕವಾಟಗಳನ್ನು ತೆರೆಯುವುದು ಈ ಕ್ಯಾಮ್ ದಂಡ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ಕವಾಟಕ್ಕೆ ಬಡಿಯುತ್ತದೆ. ಅಲ್ಲಿಗೆ ಮಾಲೀಕನ ಜೇಬಿಗೆ ಕತ್ತರಿ ಬಿದ್ದಂತೆಯೇ.

ತಾಳ ಕಾಯಲು ಅಗ್ಗದ, ಹಗುರವಾದ ಉಪಾಯ ಸರಪಳಿ. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಇದನ್ನು ನಮ್ಮ ಬೀದಿಬೀದಿಗೂ ತಲುಪಿಸಿತು. ಇನೋವಾದ ಕಥೆ ಇನ್ನೂ ಸ್ವಾರಸ್ಯಕರ. 2005ರ ಡೀಸೆಲ್ ಇನೋವಾದಲ್ಲಿ ಇದ್ದದ್ದು ರಬ್ಬರ್ ಬೆಲ್ಟು. ಅವಧಿ ಮುಗಿದೊಡನೆ ಅದನ್ನು ಬದಲಿಸಲೇಬೇಕಿತ್ತು. 2016ರ ಕ್ರಿಸ್ಟಾದ ಡೀಸೆಲ್ ಎಂಜಿನ್ನಿಗೆ ಸರಪಳಿ ಬಂತು.

ಸರಪಳಿ ‘ಹಿಗ್ಗಿತು’ ಎನ್ನುವುದುಂಟು. ನಿಜಕ್ಕೂ ಉಕ್ಕು ಹಿಗ್ಗುವುದಿಲ್ಲ; ಕೊಂಡಿಗಳ ಪಿನ್ನುಗಳು ಸವೆಯುತ್ತವೆ. ಒಂದೊಂದು ಕೊಂಡಿಯ ಕೂದಲೆಳೆಯ ಸವೆತ ಸೇರಿ ಸರಪಳಿ ಉದ್ದವಾಗುತ್ತದೆ, ಕ್ಯಾಮ್ ತುಸು ಹಿಂದೆ ಬೀಳುತ್ತದೆ. ಸಡಿಲವನ್ನು ಟೆನ್ಷನರ್ ಒತ್ತಿ ಹಿಡಿಯುತ್ತದೆ. ಅದರ ಮಿತಿಯೂ ಮೀರಿದಾಗ ಕಟಕಟ ಸದ್ದು ಶುರು.

ಹಾಗಾದರೆ ಹಲ್ಲುಚಕ್ರವೇ ಏಕಾಗಬಾರದು? ಅದು ಜೋಲುವುದಿಲ್ಲ, ಟೆನ್ಷನರ್ ಬೇಡ. ಆದರೆ ಕ್ರ್ಯಾಂಕ್‌ನಿಂದ ನೆತ್ತಿಯವರೆಗೆ ಚಕ್ರಕ್ಕೆ ಚಕ್ರ ಪೋಣಿಸಬೇಕು. ಹಲ್ಲುಗಳ ನಡುವಿನ ಸಂದು ಹೆಚ್ಚಾದರೆ ಸದ್ದು. ಕಡಿಮೆಯಾದರೆ ಕಾದು ಹಿಗ್ಗಿದಾಗ ಬಿಗಿತ. ತೂಕ, ಖರ್ಚು ಎರಡೂ ಜಾಸ್ತಿ. ಹಲ್ಲುಚಕ್ರಕ್ಕೆ ಹೆಸರಾಗಿದ್ದ ವಿಎಫ್‌ಆರ್ ಬೈಕಿನಲ್ಲಿ ಹೋಂಡಾ ಕಂಪೆನಿಯೇ 2002ರ ಮಾದರಿಗೆ ಸರಪಳಿ ತೊಡಿಸಿತು.

ಬಸ್ಸಿನ ಲೆಕ್ಕವೇ ಬೇರೆ. ಐರಾವತ ಸೇವೆಯಲ್ಲಿ ಓಡಿದ ವೋಲ್ವೊ ಬಿ9ಆರ್ ಬಸ್ಸಿನ ಒಂಬತ್ತು ಲೀಟರ್ ಎಂಜಿನ್ನಿನಲ್ಲಿ ನೆತ್ತಿಯ ಕ್ಯಾಮ್ ಕವಾಟಗಳ ಜೊತೆಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೂ ಒತ್ತಬೇಕು. ಅಷ್ಟು ಭಾರ ಹೊತ್ತು ಲಕ್ಷಾಂತರ ಕಿಲೋಮೀಟರ್ ಓಡಬೇಕಾದಲ್ಲಿ ಹಲ್ಲುಚಕ್ರದ ದುಬಾರಿ ಬೆಲೆಯೂ ಉಳಿತಾಯವೇ. ಅದರ ಚಕ್ರಗಳಿರುವುದು ಫ್ಲೈವೀಲ್ ಬದಿಯಲ್ಲಿ. ಅಲ್ಲಿ ಕ್ರ್ಯಾಂಕ್‌ನ ಅದುರಾಟ ಕಡಿಮೆ.

ಹೀಗೆ ಇಲ್ಲಿ ಮೇಲುಕೀಳೆಂಬುದಿಲ್ಲ; ಹೊರಬೇಕಾದ ಭಾರಕ್ಕೆ ತಕ್ಕ ಜೋಡಣೆ, ಅಷ್ಟೆ. ದಿನನಿತ್ಯದ ಸವಾರನಿಗೆ ಸಿಕ್ಕಿರುವುದು ಸರಪಳಿ. ಅದಕ್ಕೊಂದು ದೊಡ್ಡ ಗುಣವಿದೆ: ಬೆಲ್ಟು ಅನೇಕ ಸಲ ಸದ್ದಿಲ್ಲದೆ ಹರಿಯುತ್ತದೆ, ಸರಪಳಿ ಸಾಮಾನ್ಯವಾಗಿ ಮೊದಲೇ ಕೂಗಿ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು, ಮುಂಜಾನೆ ಎಂಜಿನ್ ಹೊತ್ತಿಸಿದೊಡನೆ ಕೇಳುವ ಕಟಕಟವನ್ನು ಅಲಕ್ಷಿಸದಿರುವುದು, ಇವೆರಡೇ ಅದು ಬೇಡುವ ಆರೈಕೆ.