ಜಿಲ್ಲೆಗೊಂದೇ ಬಣ್ಣ ಬಳಿದರೆ ಸಾಕೇ?

ಟಿವಿಯಲ್ಲಿ ಮಳೆ ನಕ್ಷೆ ನೋಡಿರ್ತೀರಿ. ಶಿವಮೊಗ್ಗ ಜಿಲ್ಲೆ ಪೂರ್ತಿ ಕಡುನೀಲಿ. ಆದರೆ ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಬೀಳಲ್ಲ. ಸರಾಸರಿ ತೆಗೆದು ಒಂದೇ ಬಣ್ಣ ಬಳಿದರೆ, ಎರಡೂ ಊರಿನವರ ಪಾಲಿಗೆ ಆ ನಕ್ಷೆ ಸುಳ್ಳು.

ಹೀಗೆ ಒಂದೇ ವಿಷಯವನ್ನು ಬಣ್ಣದಲ್ಲಿ ತೋರಿಸೋದು ವಿಷಯಾಧಾರಿತ ನಕ್ಷೆಯ ಒಂದು ಬಗೆ. 1826ರಲ್ಲೇ ಫ್ರಾನ್ಸಿನ ಶಾರ್ಲ್ ದ್ಯುಪ್ಯಾಂ ತನ್ನ ದೇಶದ ಶಿಕ್ಷಣದ ಮಟ್ಟವನ್ನು ಕಪ್ಪು-ಬಿಳುಪಿನ ಛಾಯೆಗಳಲ್ಲಿ ತೋರಿಸಿದ್ದ. ಇಡೀ ಪ್ರದೇಶಕ್ಕೆ ಒಂದೇ ಛಾಯೆ ಬಳಿಯೋ ತೊಂದರೆ ಅಂದಿನಿಂದಲೂ ಇದೆ.

ಇನ್ನೊಂದು ತಲೆನೋವು, ಗಡಿ. 2011ರ ಜನಗಣತಿ ಹೊತ್ತಿಗೆ ಕರ್ನಾಟಕದಲ್ಲಿ 30 ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯ್ತು. ಹಳೇ ಅಂಕಿಅಂಶವನ್ನು ಹೊಸ ಗಡಿಗೆ ಹೊಂದಿಸೋಕೆ ತಾಲ್ಲೂಕುಗಳ ಲೆಕ್ಕ ಕಿತ್ತು ಮತ್ತೆ ಕೂಡಿಸಬೇಕು. ಈಗ ವಿಜಯನಗರದಲ್ಲಿರೋ ಹರಪನಹಳ್ಳಿ ಅಂತೂ 2011ರ ಪಟ್ಟಿಯಲ್ಲಿ ಇರೋದು ದಾವಣಗೆರೆಯಲ್ಲಿ!

ಮುಂದೇನು? ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳು ರಾಜ್ಯದಲ್ಲಿ ಈಗಾಗಲೇ ಇವೆ; ಅವುಗಳ ಲೆಕ್ಕ ಹಿಡಿದರೆ ಮಳೆ ನಕ್ಷೆಗೆ ಜಿಲ್ಲೆಗೊಂದೇ ಬಣ್ಣ ಬೇಕಿಲ್ಲ. ಜನಸಂಖ್ಯೆಯ ನಕ್ಷೆಯಾದರೆ, ಉಪಗ್ರಹ ಚಿತ್ರ ನೋಡಿ ಕಾಡು-ಕೆರೆ ಬಿಟ್ಟು ಜನ ವಾಸವಿರೋ ಜಾಗಕ್ಕಷ್ಟೇ ಬಣ್ಣ ಹಾಕಬಹುದು. ಮೊಬೈಲಲ್ಲಿ ಹಿಗ್ಗಿಸ್ತಾ ಹೋದರೆ ಜಿಲ್ಲೆ ಸರಿದು ಹೋಬಳಿ ಕಾಣೋ ನಕ್ಷೆಗಳೂ ಬರ್ತಿವೆ. ಎಐ ಅಂತೂ ಕ್ಷಣದಲ್ಲಿ ನಕ್ಷೆ ಬಿಡಿಸಿಕೊಡುತ್ತೆ. ಅಂದ ನೋಡಿ ಮರುಳಾಗಬೇಡಿ. ಅದು ಹರಪನಹಳ್ಳಿಯನ್ನು ಯಾವ ಜಿಲ್ಲೆಗೆ ಸೇರಿಸಿದೆ ಅಂತ ಪರೀಕ್ಷಿಸೋಕೆ ಮನುಷ್ಯರೇ ಬೇಕು.

ನಕ್ಷೆ ಫಾರ್ವರ್ಡ್ ಮಾಡೋ ಮುಂಚೆ ಮೂಲೆಯಲ್ಲಿರೋ ಬಣ್ಣದ ಪಟ್ಟಿ, ಅಂಕಿಅಂಶದ ವರ್ಷ ಎರಡನ್ನೂ ಒಮ್ಮೆ ನೋಡಿ. ವರ್ಷವೇ ಹಾಕಿಲ್ವಾ? ನಂಬಬೇಡಿ.