ಗಣಕಯಂತ್ರದ ಡಿಸ್ಕ್ ಕೆಡುವ ಮುನ್ನ ತಿಳಿಯುವ ಬಗೆ

ಸದಸ್ಯ ಬಾಂಧವರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ತೋಟದ ಲೆಕ್ಕವನ್ನು ಮನೆಯ ಗಣಕಯಂತ್ರದಲ್ಲಿಯೇ ಇಡುತ್ತಿದ್ದಾರೆ. ಕೆಲಸದವರ ಹಾಜರಿ, ಗೊಬ್ಬರ ಸುಣ್ಣದ ಖರ್ಚು, ಕಾಫಿ ಕೊಯ್ಲಿನ ತೂಕ, ಅಡಿಕೆ ವಿಕ್ರಿಯ ಪಟ್ಟಿ, ಪಹಣಿಯ ಪ್ರತಿ, ಕೊನೆಗೆ ಮಕ್ಕಳ ಮದುವೆಯ ಫೋಟೋಗಳು ಸಹ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಸೇರಿ ಕುಳಿತಿವೆ. ಆ ಪೆಟ್ಟಿಗೆಯೇ ಹಾರ್ಡ್ ಡಿಸ್ಕ್. ಅದರ ಆರೋಗ್ಯ ಹೇಗಿದೆಯೆಂದು ಅದನ್ನೇ ಕೇಳಿ ತಿಳಿಯುವ ಉಪಾಯವೊಂದಿದೆ. ಅದಕ್ಕೆ ಬೆಲೆಯೂ ಇಲ್ಲ. ಇಷ್ಟಾಗಿ ಅದನ್ನು ಬಳಸುವವರು ನಮ್ಮ ಸೀಮೆಯಲ್ಲಿ ಬಹಳ ಕಡಿಮೆ. ನಾವೂ ಬಳಸುತ್ತಿರಲಿಲ್ಲ. ಬಳಸದೆ ಆದ ನಷ್ಟವನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇವೆ.

2022ರ ಆಷಾಢದಲ್ಲಿ ಸಂಘದ ಲೆಕ್ಕದ ಗಣಕ ನಿಧಾನವಾಗತೊಡಗಿತು. ಒಬ್ಬರ ಖಾತೆ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಮಳೆಗಾಲದ ತಂಡಿಗೆ ಹೀಗಾಗಿರಬೇಕೆಂದು ಗುಮಾಸ್ತರು ಹೇಳಿದರು, ನಾವೂ ಒಪ್ಪಿದೆವು. ವಾರದ ಮೇಲೆ ಪೇಟೆಯಿಂದ ರಿಪೇರಿಯವರನ್ನು ಕರೆಸಿದೆವು. ಅವರು ಡಿಸ್ಕನ್ನು ಸರಿಪಡಿಸುವ ಆಜ್ಞೆಯೊಂದನ್ನು ಕೊಟ್ಟು, ರಾತ್ರಿಯೆಲ್ಲ ನಡೆಯಲಿ, ಬೆಳಿಗ್ಗೆ ಸರಿಹೋಗಿರುತ್ತದೆ ಎಂದು ಹೇಳಿ ಹೋದರು. ನಡುರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ಯಂತ್ರ ಏಳಲೇ ಇಲ್ಲ. ನಮ್ಮಲ್ಲಿದ್ದ ನಕಲು ಯುಗಾದಿಯ ಹೊತ್ತಿನದು. ಅಲ್ಲಿಂದೀಚೆಗಿನ ಮೂರೂವರೆ ತಿಂಗಳ ಲೆಕ್ಕವನ್ನು ಇಬ್ಬರು ಗುಮಾಸ್ತರು ಚೀಟಿ ರಸೀದಿಗಳನ್ನು ಹುಡುಕಿ ತೆಗೆದು 19 ದಿನ ಕುಳಿತು ಮತ್ತೆ ಬರೆಯಬೇಕಾಯಿತು.

ಅದರಲ್ಲಿ ಹಿರಿಯ ಸದಸ್ಯರೊಬ್ಬರ 11 ಮೂಟೆ ರಾಶಿ ಅಡಿಕೆಯ ಜಮೆ ಎಲ್ಲಿಯೂ ಸಿಗಲಿಲ್ಲ. ನಮ್ಮ ಕಡೆಯ ಕಾರ್ಬನ್ ಪ್ರತಿ ಸೋರಿದ ಮಾಡಿನ ಕೆಳಗೆ ನೆನೆದು ಮುದ್ದೆಯಾಗಿತ್ತು. ಅವರು ಕಛೇರಿಗೆ ಬಂದು, "ಸೆಕ್ರೆಟರಿಗಳೇ, ನನ್ನ ಹನ್ನೊಂದು ಮೂಟೆ ಎಲ್ಲಿಗೆ ಹೋಯ್ತು ಮಾರಾಯ್ರೆ?" ಎಂದು ನಗುತ್ತಲೇ ಕೇಳಿದರು. ನಮಗೆ ಉತ್ತರವಿರಲಿಲ್ಲ. ಅವರೇ ಮನೆಗೆ ಹೋಗಿ ಟ್ರಂಕಿನ ತಳದಿಂದ ಅಸಲು ಚೀಟಿಯನ್ನು ತಂದುಕೊಟ್ಟರು. ಆ ಚೀಟಿ ಅವರ ಬಳಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಇಂದಿಗೂ ನೆನೆಯುವುದುಂಟು.

ಶ್ರಾವಣದಲ್ಲಿ ನಮ್ಮ ಅಣ್ಣನ ಮಗ ಊರಿಗೆ ಬಂದಾಗ ಕೆಟ್ಟ ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ ಒಂದು ಸಾಲು ಟೈಪು ಮಾಡಿದ. ಪರದೆಯ ಮೇಲೆ ಅಂಕೆಗಳ ಪಟ್ಟಿ ಬಂತು. "ಚಿಕ್ಕಪ್ಪ, ಇದು ಹೇಳ್ತಾನೇ ಇತ್ತು. ಕೇಳೋರು ಇರ್ಲಿಲ್ಲ ಅಷ್ಟೆ" ಎಂದ.

ಅವನು ಬಳಸಿದ ಸಲಕರಣೆಯ ಹೆಸರು ಸ್ಮಾರ್ಟ್‌ಸಿಟಿಎಲ್. ಚಿತ್ರ, ಗುಂಡಿ ಯಾವುದೂ ಇಲ್ಲದೆ ಆಜ್ಞೆಯನ್ನು ಅಕ್ಷರದಲ್ಲಿಯೇ ಟೈಪು ಮಾಡಿ ನಡೆಸುವಂಥದು. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಕಟ್ಟಿನಲ್ಲಿ ಇದು ಸಿಗುತ್ತದೆ. ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕೀ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಬ್ರೂಸ್ ಅಲೆನ್ ಅವರು ಈ ಕೆಲಸವನ್ನು 2002ರಲ್ಲಿ ಆರಂಭಿಸಿದರು. ಗುರುತ್ವ ಅಲೆಗಳ ಸಂಶೋಧನೆಗೆಂದು ಬಹಳಷ್ಟು ಗಣಕಗಳನ್ನು ಒಟ್ಟಿಗೆ ಜೋಡಿಸಿ ನಡೆಸುತ್ತಿದ್ದವರಿಗೆ ಡಿಸ್ಕುಗಳ ಸಾವು ದಿನನಿತ್ಯದ ತೊಂದರೆಯಾಗಿದ್ದುದು ಸಹಜವೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇದು ನಡೆಯುತ್ತದೆ.

ಇದು ಏನನ್ನು ಓದುತ್ತದೆ ಎಂಬುದು ತಿಳಿಯಬೇಕಾದರೆ ಡಿಸ್ಕಿನ ಒಳಗನ್ನು ಸ್ವಲ್ಪ ನೋಡಬೇಕು. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ನಯವಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಓದುವ ಬರೆಯುವ ಮುಳ್ಳು, ತಟ್ಟೆಗೆ ತಾಕದೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ತಟ್ಟೆಯನ್ನು ಸೆಕ್ಟರ್ ಎಂಬ ಸಣ್ಣ ಮಡಿಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಮಡಿಯಲ್ಲಿ 512 ಅಥವಾ 4,096 ಬೈಟು ಹಿಡಿಯುತ್ತದೆ. ಇಂತಹ ಮಡಿಗಳು ಕೋಟಿಗಟ್ಟಲೆ. ಅವುಗಳಲ್ಲಿ ಕೆಲವು ಕೆಡುವುದು ತಯಾರಿಸಿದವರಿಗೂ ಗೊತ್ತು. ಆದುದರಿಂದ ಒಂದಿಷ್ಟು ಮಡಿಗಳನ್ನು ಬದಲಿಗೆಂದು ಮೀಸಲಿಟ್ಟಿರುತ್ತಾರೆ. ಒಂದು ಮಡಿ ಕೆಟ್ಟಿತೆಂದು ಖಚಿತವಾದರೆ ಡಿಸ್ಕು ಯಾರಿಗೂ ಹೇಳದೆ ಅದರ ಕೆಲಸವನ್ನು ಮೀಸಲು ಮಡಿಗೆ ವರ್ಗಾಯಿಸಿ, ಹಾಗೆ ಮಾಡಿದ್ದನ್ನು ತನ್ನೊಳಗಿನ ಡೈರಿಯಲ್ಲಿ ಬರೆದಿಡುತ್ತದೆ. ಈ ಡೈರಿಯ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಸ್ಮಾರ್ಟ್‌ಸಿಟಿಎಲ್ ಮಾಡುವುದು ಈ ಡೈರಿಯನ್ನು ತೆಗೆದು ನಮ್ಮ ಮುಂದಿಡುವುದನ್ನು.

ಅರೇಬಿಕಾ ಬೆಳೆಯುವವರಿಗೆ ಇದು ಹೊಸದಲ್ಲ. ಕಾಂಡಕೊರಕ ಹೊಕ್ಕ ಗಿಡ ಹೊರಗಿನಿಂದ ಹಸಿರಾಗಿಯೇ ಇರುತ್ತದೆ. ಮಾರ್ಚಿನಲ್ಲಿ, ಸೆಪ್ಟೆಂಬರಿನಲ್ಲಿ, ಹುಳು ಹಾರುವ ಕಾಲಕ್ಕೆ ಮುಂಚೆ ನಾವು ಗಿಡಗಿಡವನ್ನೂ ನೋಡಿ, ತೊಗಟೆಯ ಮೇಲೆ ಉಬ್ಬಿದ ಏಣು ಕಂಡರೆ ಗುರುತು ಹಾಕುತ್ತೇವಲ್ಲವೇ? ಇದೂ ಅಂಥದೇ ಟ್ರೇಸಿಂಗ್.

ಈಗ ಮಾಡುವ ಕ್ರಮ. ಸ್ಮಾರ್ಟ್‌ಮಾನ್‌ಟೂಲ್ಸನ್ನು ಯಂತ್ರಕ್ಕೆ ಹಾಕಿಕೊಂಡ ಮೇಲೆ, ವಿಂಡೋಸ್ ಇದ್ದವರು ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆಯಬೇಕು. ಸ್ಮಾರ್ಟ್‌ಸಿಟಿಎಲ್ ಎಂಬ ಹೆಸರನ್ನು ಎಸ್, ಎಂ, ಎ, ಆರ್, ಟಿ, ಸಿ, ಟಿ, ಎಲ್ ಎಂದು ಎಂಟು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಟೈಪು ಮಾಡಬೇಕು. ಅದರ ಮುಂದೆ ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ಸ್ಕ್ಯಾನ್ ಎಂದು ಬರೆದರೆ ಯಂತ್ರದಲ್ಲಿರುವ ಡಿಸ್ಕುಗಳ ಹೆಸರಿನ ಪಟ್ಟಿ ಬರುತ್ತದೆ. ಮೊದಲನೆಯದರ ಹೆಸರು ಸಾಮಾನ್ಯವಾಗಿ ಎಸ್‌ಡಿಎ ಎಂದು ಮುಗಿಯುತ್ತದೆ. ಆಮೇಲೆ ಮತ್ತೆ ಸ್ಮಾರ್ಟ್‌ಸಿಟಿಎಲ್, ಜಾಗ, ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಚಿಕ್ಕ ಎ ಅಕ್ಷರ, ಜಾಗ, ಪಟ್ಟಿಯಲ್ಲಿ ಬಂದ ಹೆಸರು ಹಾಗೆಯೇ. ಇಷ್ಟನ್ನು ಬರೆದು ಎಂಟರ್ ಒತ್ತಿದರೆ ಡೈರಿ ಪೂರ್ತಿ ಎದುರಿಗೆ ಬರುತ್ತದೆ. ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದನ್ನು ಗಮನಿಸಬೇಕು. ದೊಡ್ಡ ಎಚ್ ಹಾಕಿದರೆ ಆರೋಗ್ಯದ ತೀರ್ಪು, ಚಿಕ್ಕ ಎಚ್ ಹಾಕಿದರೆ ಬರಿಯ ಸಹಾಯದ ಪುಟ. ನಾವು ಮೊದಲ ದಿನ ಚಿಕ್ಕದನ್ನು ಹಾಕಿ ಅರ್ಧ ಗಂಟೆ ತಲೆ ಕೆರೆದುಕೊಂಡೆವು.

ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿರಬಹುದು. ಎಲ್ಲವೂ ಬೇಕಾಗಿಲ್ಲ. ಸಾಲಿನ ಎಡಗಡೆಯ ಸಂಖ್ಯೆಯನ್ನು ನೋಡಿ 5, 197, 198 ಈ ಮೂರನ್ನು ಹುಡುಕಿ, ಅವುಗಳ ಬಲತುದಿಯ ಅಂಕೆಯನ್ನು ಓದಬೇಕು. 5ನೆಯದು ಈಗಾಗಲೇ ಕೆಟ್ಟು ಬದಲಾಯಿಸಲ್ಪಟ್ಟ ಮಡಿಗಳ ಲೆಕ್ಕ. 197ನೆಯದು ಓದಲಾಗದೆ ಅನುಮಾನದಲ್ಲಿ ನಿಂತಿರುವ ಮಡಿಗಳದು. ಮುಂದೆ ಅಲ್ಲಿ ಹೊಸದಾಗಿ ಬರೆಯುವಾಗ ಡಿಸ್ಕು ಪರೀಕ್ಷಿಸಿ, ಸರಿಯಿದ್ದರೆ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಬದಲಾಯಿಸುತ್ತದೆ. 198ನೆಯದು ಡಿಸ್ಕು ತಾನೇ ತಪಾಸಣೆ ಮಾಡಿದಾಗ ಓದಲಾಗದೆ ಹೋದ ಮಡಿಗಳದು. ಮೂರೂ ಸೊನ್ನೆಯಾಗಿರಬೇಕು. ನಮ್ಮ ಸತ್ತ ಡಿಸ್ಕಿನಲ್ಲಿ 5ರ ಮುಂದೆ 1,864, 197ರ ಮುಂದೆ 312 ಇತ್ತು.

5ನೆಯದು ಸೊನ್ನೆಯಲ್ಲದಿದ್ದರೆ ಕೂಡಲೇ ಎಸೆಯಬೇಕೇ? ಇಲ್ಲಿ ಕಾಂಡಕೊರಕದ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಏಣು ಕಂಡ ಗಿಡವನ್ನು ಕಿತ್ತು ಸುಡುತ್ತೇವೆ. ಆದರೆ 8 ಎಂದು ತೋರಿಸಿ ವರ್ಷವೆಲ್ಲ 8ರಲ್ಲೇ ನಿಂತ ಡಿಸ್ಕುಗಳೂ ಉಂಟು. ಅಂಥದನ್ನು ಎರಡನೆಯ ದರ್ಜೆಯ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಲೆಕ್ಕಕ್ಕೆ ಬೇಡ. ಅಂಕೆ ಏರುತ್ತಿದ್ದರೆ ಮಾತ್ರ ಯಾವ ಕೆಲಸಕ್ಕೂ ಬೇಡ. ಏರುತ್ತಿದೆಯೇ ಎಂದು ತಿಳಿಯುವುದು ಹಿಂದಿನ ಅಂಕೆಯನ್ನು ಬರೆದಿಟ್ಟವರಿಗೆ ಮಾತ್ರ.

ಇನ್ನೆರಡು ಸಾಲುಗಳಿಂದಲೂ ಉಪಯೋಗವಿದೆ. 199ನೆಯ ಸಾಲಿನ ಅಂಕೆ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ಅದನ್ನು ಜೋಡಿಸಿದ ಕೇಬಲ್ಲಿನದು. ಅಷ್ಟನ್ನೇ ಬದಲಾಯಿಸಿದರೆ ಹೊಸ ಡಿಸ್ಕಿನ ಖರ್ಚು ಉಳಿಯುತ್ತದೆ. 9ನೆಯದು ಡಿಸ್ಕು ಒಟ್ಟು ಓಡಿದ ಗಂಟೆಗಳದು. ನಮ್ಮ ಸದಸ್ಯರೊಬ್ಬರು ಹೊಸದೆಂದು ತಂದ ಡಿಸ್ಕಿನಲ್ಲಿ ಈ ಸಾಲು 21,000 ತೋರಿಸಿತು. ವರ್ಷಕ್ಕೆ 8,760 ಗಂಟೆ. ಅಂದರೆ ಬಿಡುವಿಲ್ಲದೆ ಎರಡು ವರ್ಷಕ್ಕೂ ಮೇಲೆ ಎಲ್ಲಿಯೋ ದುಡಿದು ಬಂದ ಮಾಲು. ಅವರು ಅದನ್ನು ಹಿಂದಿರುಗಿಸಿದರು. ಇದಕ್ಕೆ ಬದಲಾಗಿ, ಸೀಗೇಟ್ ಡಿಸ್ಕುಗಳಲ್ಲಿ 1 ಮತ್ತು 7ನೆಯ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕೆ ಬರುವುದನ್ನು ಕಂಡು ಹೆದರಬೇಕಾಗಿಲ್ಲ. ಅಲ್ಲಿ ಲೆಕ್ಕ ಬರೆಯುವ ಪದ್ಧತಿಯೇ ಬೇರೆ.

ಡೈರಿ ಓದಿದ್ದು ಸಾಲದೆಂದು ತೋರಿದರೆ ಡಿಸ್ಕಿಗೆ ಸ್ವಪರೀಕ್ಷೆ ಮಾಡಿಕೊಳ್ಳಲು ಹೇಳಬಹುದು. ಅಡ್ಡಗೆರೆ, ಚಿಕ್ಕ ಟಿ, ಜಾಗ, ಆಮೇಲೆ ಶಾರ್ಟ್ ಎಂದು ಬರೆದರೆ ಸುಮಾರು ಎರಡು ನಿಮಿಷದ ಪರೀಕ್ಷೆ. ಲಾಂಗ್ ಎಂದು ಬರೆದರೆ ತಟ್ಟೆಯ ಮಡಿಗಳನ್ನೆಲ್ಲ ಓದಿ ನೋಡುವ ಪರೀಕ್ಷೆ. ಡಿಸ್ಕಿನ ಗಾತ್ರಕ್ಕೆ ತಕ್ಕಂತೆ ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಎಷ್ಟು ನಿಮಿಷವೆಂದು ಅದೇ ಹೇಳುತ್ತದೆ. ಇವು ಓದುವ ಪರೀಕ್ಷೆಗಳು, ನಮ್ಮ ಕಡತವನ್ನು ಮುಟ್ಟುವುದಿಲ್ಲ.

ಮೇಲೆ ಹೇಳಿದ ದೊಡ್ಡ ಎಚ್ಚಿನ ತೀರ್ಪಿನ ವಿಷಯದಲ್ಲಿ ಎಚ್ಚರಿಕೆಯ ಮಾತು ಹೇಳಲೇಬೇಕು. ಅಲ್ಲಿ ಪಾಸ್ಡ್ ಎಂದು ಬಂದರೆ ಅನೇಕರು ಅಲ್ಲಿಗೇ ಬಿಡುತ್ತಾರೆ. ತಯಾರಕರು ಗೊತ್ತುಪಡಿಸಿದ ಮಿತಿ ಬಹಳ ಸಡಿಲವಾದದ್ದು. ನಮ್ಮ 1,864ರ ಡಿಸ್ಕಿಗೂ ಪಾಸ್ಡ್ ಎಂದೇ ತೀರ್ಪು ಬಂದಿತ್ತು! ಫೇಲ್ ಎಂದು ಬಂದರೆ ನಂಬಬೇಕು. ಪಾಸ್ ಎಂದು ಬಂದರೆ ಅಂಕೆಗಳನ್ನು ನೋಡಬೇಕು.

ಅಂಕೆಗಳನ್ನಾದರೂ ಎಷ್ಟು ನಂಬಬಹುದು? ಗೂಗಲ್ ಕಂಪನಿಯ ಪಿನ್ಹೇರೊ, ವೆಬರ್, ಬರೋಸೊ ಎಂಬ ಮೂವರು ತಮ್ಮಲ್ಲಿನ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ, ಮುಂದಿನ 60 ದಿನಗಳೊಳಗೆ ಕೆಡುವ ಸಂಭವ 39 ಪಟ್ಟು ಹೆಚ್ಚೆಂದು ಅವರು ಕಂಡರು. ಮಡಿ ಬದಲಾವಣೆ ಮೊದಲ ಸಲ ಕಂಡವಕ್ಕೆ ಈ ಸಂಭವ 14 ಪಟ್ಟು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಟ್ಟ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವು, ಇಂತಹ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟವು. ಅಂದಮೇಲೆ, ಸೂಚನೆ ಕೊಟ್ಟರೆ ತಕ್ಷಣ ಓಡಬೇಕು. ಕೊಡಲಿಲ್ಲವೆಂದು ನಿದ್ರೆ ಮಾಡುವಂತಿಲ್ಲ. ನಕಲು ಇದ್ದೇ ಇರಬೇಕು.

ದೋಷ ಕಂಡಾಗ ಏನು ಮಾಡಬೇಕು? ನಾವು ಎಡವಿದ್ದು ಇಲ್ಲಿಯೇ. ರಿಪೇರಿಯವರು ಅಂದು ಕೊಟ್ಟ ಆಜ್ಞೆ ವಿಂಡೋಸಿನ ಚೆಕ್‌ಡಿಸ್ಕ್, ಆರ್ ಅಕ್ಷರದ ಸಹಿತ. ಅದು ಒಳ್ಳೆಯ ಸಲಕರಣೆಯೇ. ಆದರೆ ಅದು ಡಿಸ್ಕಿನ ಪ್ರತಿಯೊಂದು ಮಡಿಯನ್ನೂ ಓದಿಸುತ್ತದೆ, ಕಡತಗಳ ಸೂಚಿಯನ್ನು ತಿದ್ದುತ್ತದೆ. ಏದುಸಿರು ಬಿಡುತ್ತಿರುವವನನ್ನು ಕೆಮ್ಮಣ್ಣುಗುಂಡಿ ಹತ್ತಿಸಿ ಎದೆ ಪರೀಕ್ಷೆ ಮಾಡಿದಂತೆ. ಉಳಿದಿರುವ ಶಕ್ತಿಯನ್ನು ಮೊದಲು ನಕಲು ತೆಗೆಯಲು ಬಳಸಬೇಕು. ಅದೂ ಎಲ್ಲವನ್ನೂ ಒಟ್ಟಿಗೆ ಅಲ್ಲ: ಲೆಕ್ಕದ ಕಡತ ಮೊದಲು, ಮದುವೆಯ ಫೋಟೋ ಅನಂತರ, ಸಿನಿಮಾ ಕೊನೆಗೆ. ಸುಲಭವಾಗಿ ನಕಲಾಗದಷ್ಟು ಕೆಟ್ಟಿದ್ದರೆ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಸಲಕರಣೆಯಿದೆ. ಓದಲು ಬರುವ ಭಾಗವನ್ನು ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಹಿಂದಿರುಗಿ ಬರುವುದು ಅದರ ಜಾಣತನ. ಅದರಲ್ಲಿ ಹಳೆಯ ಡಿಸ್ಕಿನ ಹೆಸರು ಮೊದಲು, ಹೊಸದರದು ಆಮೇಲೆ. ಅದಲು ಬದಲಾದರೆ ಖಾಲಿ ಡಿಸ್ಕು ಲೆಕ್ಕದ ಮೇಲೆ ನಕಲಾಗುತ್ತದೆ. ಅನುಭವವಿಲ್ಲದವರು ಒಬ್ಬರೇ ಮಾಡಬಾರದು.

ಬ್ಯಾಡ್‌ಬ್ಲಾಕ್ಸ್ ಎಂಬ ಇನ್ನೊಂದು ಲಿನಕ್ಸ್ ಆಜ್ಞೆಯ ಹೆಸರನ್ನೂ ಕೆಲವರು ಕೇಳಿರಬಹುದು. ಹೊಸ ಡಿಸ್ಕನ್ನು ಬಳಕೆಗೆ ತರುವ ಮೊದಲು ಪೂರ್ತಿ ಬರೆದು ಓದಿ ನೋಡಲು ಅದು ಅನುಕೂಲ. ಆದರೆ ಅದಕ್ಕೆ ಡಬ್ಲ್ಯು ಅಕ್ಷರ ಸೇರಿಸಿದರೆ ಇರುವುದನ್ನೆಲ್ಲ ಅಳಿಸಿ ಪರೀಕ್ಷಿಸುತ್ತದೆ. ಲೆಕ್ಕವಿರುವ ಡಿಸ್ಕಿನ ಹತ್ತಿರ ಆ ಅಕ್ಷರ ಬರಕೂಡದು.

ಈಗಿನ ಯಂತ್ರಗಳಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳೇ ಹೆಚ್ಚು. ಅವುಗಳಲ್ಲಿ ಎನ್‌ವಿಎಂಇ ಬಗೆಯವನ್ನೂ ಸ್ಮಾರ್ಟ್‌ಸಿಟಿಎಲ್ ಓದುತ್ತದೆ, ಆದರೆ ಪಟ್ಟಿ ಬೇರೆ. ಆಯುಸ್ಸು ನೂರರಲ್ಲಿ ಎಷ್ಟು ಸವೆದಿದೆ, ಮೀಸಲು ಎಷ್ಟು ಉಳಿದಿದೆ ಎಂದು ನೇರವಾಗಿಯೇ ಬರೆದಿರುತ್ತದೆ. ಹೊರಗಿನಿಂದ ಜೋಡಿಸುವ ಡಿಸ್ಕುಗಳಲ್ಲಿ ಕೆಲವಕ್ಕೆ ಅಡ್ಡಗೆರೆ ಡಿ, ಜಾಗ, ಸ್ಯಾಟ್ ಎಂದು ಸೇರಿಸಬೇಕಾಗುತ್ತದೆ. ಸಾಮಾನ್ಯ ಪೆನ್‌ಡ್ರೈವುಗಳಲ್ಲಿ ಈ ಡೈರಿಯೇ ಇರುವುದಿಲ್ಲ. ಅದಕ್ಕಾಗಿಯೇ ಅವುಗಳಲ್ಲಿ ಒಂದೇ ಪ್ರತಿಯಿಟ್ಟು ಭರವಸೆಯಿಂದಿರುವುದು ನಮಗೆ ಸರಿಕಾಣುವುದಿಲ್ಲ.

ಸಂಘದ ಕಛೇರಿಯಲ್ಲಿ ಈಗ ಪ್ರತಿ ತಿಂಗಳ ಮೊದಲ ಸೋಮವಾರ ಈ ಅಂಕೆಗಳನ್ನು ಬರೆದಿಡುತ್ತೇವೆ. ರಬ್ಬರ್ ಬೈಂಡಿನ ಒಂದು ಹಳೆಯ ರಿಜಿಸ್ಟರಿನಲ್ಲಿ ತಾರೀಖು, 5, 9, 197, 198, 199 ಎಂದು ಆರು ಅಂಕಣ, ಗುಮಾಸ್ತರ ಸಹಿ. ದಿನದ ಕೊನೆಗೆ ಎರಡು ಡಿಸ್ಕುಗಳಿಗೆ ನಕಲು. ಅದರಲ್ಲಿ ಒಂದು ಕಛೇರಿಯ ಹೊರಗೆ ಇರುತ್ತದೆ. ಯುಪಿಎಸ್ಸಿನ ಬ್ಯಾಟರಿಯನ್ನು ಮೇ ತಿಂಗಳಲ್ಲಿ ಬದಲಾಯಿಸಿದ್ದಾಗಿದೆ. 2024ರ ಅಕ್ಟೋಬರಿನಲ್ಲಿ ಒಂದು ಡಿಸ್ಕಿನ 197ನೆಯ ಅಂಕಣದಲ್ಲಿ ಸೊನ್ನೆಯ ಜಾಗಕ್ಕೆ 16 ಬಂತು. ಅಂದು ಸಂಜೆಯೇ ನಕಲನ್ನು ತಾಳೆ ನೋಡಿ ಡಿಸ್ಕನ್ನು ತೆಗೆದೆವು. ಮರುದಿನ ಹತ್ತು ಗಂಟೆಗೆ ಎಂದಿನಂತೆ ಅಡಿಕೆ ತೂಕ ನಡೆಯಿತು. ಯಾರಿಗೂ ಗೊತ್ತಾಗಲಿಲ್ಲ.

ತಮ್ಮ ಡಿಸ್ಕನ್ನು ತೋರಿಸಬೇಕೆನ್ನುವ ಸದಸ್ಯರು ಅದೇ ಮೊದಲ ಸೋಮವಾರ ಮಧ್ಯಾಹ್ನ ಮೂರರ ಮೇಲೆ ಕಛೇರಿಗೆ ಬರಬಹುದು. ಜೊತೆಗೆ ಅಷ್ಟೇ ಗಾತ್ರದ ಖಾಲಿ ಡಿಸ್ಕನ್ನೂ ತರಬೇಕಾಗಿ ವಿನಂತಿ. ನಕಲು ತೆಗೆಯದೆ ನಾವು ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ. ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನಿ, ಮಳೆ ಇನ್ನೂ ಬಿಟ್ಟಿಲ್ಲ.